ಬೈಂಡರ್ ಎಲ್ಲಿ ಕಚ್ಚುತ್ತಿದೆ: ಕಲಬುರಗಿಯ ಬಿಸಿಲಿನಲ್ಲಿ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಳಂದದ ಕಡೆಯ ಹುಡುಗನೊಬ್ಬ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಂದ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದವನು. ಗಿರಾಕಿಗಳು ಹೋಗುವ ತನಕ ಬಾಗಿಲ ಬಳಿಯೇ ನಿಂತಿದ್ದು, ಆಮೇಲೆ ಕಪ್ಪು ಪ್ಲಾಸ್ಟಿಕ್ ಚೀಲವೊಂದನ್ನು ಕಟಿಂಗ್ ಮೇಜಿನ ಮೇಲಿಟ್ಟ. “ಅಣ್ಣ, ಇದರಲ್ಲಿ ಏನೋ ದೋಷವಿದೆ. ಹಾಕಿಕೊಂಡ ಎರಡು ತಾಸಿಗೇ ಉಸಿರು ಕಟ್ಟುತ್ತದೆ. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಿ” ಎಂದ.

ಚೀಲದಲ್ಲಿದ್ದದ್ದು ಬೈಂಡರ್. ಎದೆ ಚಪ್ಪಟೆಯಾಗಿ ಕಾಣುವಂತೆ ಅದುಮಿ ಹಿಡಿಯುವ ಒಳಉಡುಪು. ನನ್ನಂಥ ಟ್ರಾನ್ಸ್ ಪುರುಷರು, ಎಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಿದ್ದರೂ ತಮ್ಮನ್ನು ಗಂಡಸೆಂದೇ ಕಾಣುವವರು, ಇದನ್ನು ತೊಡುತ್ತೇವೆ. ಗಂಡು, ಹೆಣ್ಣು ಎರಡರಲ್ಲೂ ತಮ್ಮನ್ನು ಕಾಣದ ಕೆಲವರೂ ತೊಡುತ್ತಾರೆ. ತಿರುಗಿಸಿ ನೋಡಿದೆ. ಬಟ್ಟೆ ಹೊಸದು, ಓವರ್‌ಲಾಕ್ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಹುಡುಗ ಅಂಗಿಯ ಅಂಚನ್ನು ನಾಲ್ಕು ಬೆರಳಷ್ಟು ಎತ್ತಿ ಪಕ್ಕೆ ತೋರಿಸಿದ. ಕೊನೆಯ ಪಕ್ಕೆಲುಬಿನ ಮೇಲೆ ಎಲಾಸ್ಟಿಕ್ ಪಟ್ಟಿಯಷ್ಟೇ ಅಗಲದ ಕೆಂಪು ಗೆರೆ, ಅದರ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು. ಬೈಂಡರ್ ತೆಗೆದದ್ದು ಯಾವಾಗ ಎಂದು ಕೇಳಿದೆ. ನಿನ್ನೆ ಸಂಜೆ ಎಂದ. ಅಷ್ಟು ಹೊತ್ತಿಗೆ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಕಾಲುಚೀಲದ ಗುರುತಿನಂತೆ ಬೈಂಡರ್‌ನ ಗುರುತೂ ತಾಸೊಪ್ಪತ್ತಿನಲ್ಲಿ ಮಾಯವಾಗಬೇಕು. ರಾತ್ರಿ ಕಳೆದು ಮರುದಿನವೂ ಉಳಿದಿದೆ ಎಂದರೆ ಅಳತೆ ತಪ್ಪಿದೆ.

ಒಂಬತ್ತು ವರ್ಷಗಳಿಂದ ಬೈಂಡರ್ ತೊಡುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಕಾಲದಿಂದ ಅಂಗಿ, ಪೈಜಾಮ, ಬ್ಲೌಸ್ ಹೊಲಿಯುತ್ತಿದ್ದೇನೆ. ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು “ನನ್ನ ಮೈಗೆ ಇದು ಒಗ್ಗುವುದೇ ಇಲ್ಲವೇನೋ” ಎಂದು ಕುಗ್ಗಿ ಬಂದವರು. ಮೈಯನ್ನು ದೂರುವ ಮೊದಲು ಅಳತೆ ನೋಡಬೇಕು, ಆಮೇಲೆ ತೊಟ್ಟ ತಾಸು, ಆಮೇಲೆ ಬಿಸಿಲು, ಒಗೆಯುವ ರೀತಿ. ನಾನು ಈ ಸರದಿಯಲ್ಲಿಯೇ ದೋಷ ಹುಡುಕುತ್ತೇನೆ. ಬಹಳಷ್ಟು ಸಲ ಮೈಯ ತನಕ ಹೋಗುವ ಪ್ರಮೇಯವೇ ಬರುವುದಿಲ್ಲ.

ಹುಡುಕುವುದನ್ನು ಬಿಟ್ಟು ಮೊದಲು ತೆಗೆಯಬೇಕಾದಾಗ

ಎದೆಯಲ್ಲಿ ನೋವು, ಏದುಸಿರು, ತಲೆ ಸುತ್ತುವುದು, ಕೈಬೆರಳು ಜೋಮು ಹಿಡಿಯುವುದು, ಉಸಿರೆಳೆದಾಗ ಒಂದೇ ಕಡೆ ಚುಚ್ಚುವುದು: ಇವುಗಳಲ್ಲಿ ಒಂದು ಕಂಡರೂ ಕಾರಣ ಯೋಚಿಸುತ್ತ ಕೂರಬೇಡಿ. ಎಲ್ಲಿದ್ದರೂ ಮರೆ ನೋಡಿಕೊಂಡು ತೆಗೆಯಿರಿ. ತೆಗೆದ ಮೇಲೆ ನಿಧಾನವಾಗಿ ಆಳವಾಗಿ ನಾಲ್ಕೈದು ಸಲ ಉಸಿರಾಡಿ, ಒಂದೆರಡು ಸಲ ಕೆಮ್ಮಿ. ತೆಗೆದ ಮೇಲೂ ಎದೆನೋವು ಅಥವಾ ಏದುಸಿರು ನಿಲ್ಲದಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಹೇಳಲು ಒಂದೇ ವಾಕ್ಯ ಸಾಕು: “ಎದೆಯನ್ನು ಬಿಗಿಯಾಗಿ ಹಿಡಿಯುವ ಒಳಉಡುಪು ತೊಡುತ್ತೇನೆ, ಇವತ್ತು ಇಷ್ಟು ತಾಸು ತೊಟ್ಟಿದ್ದೆ.” ಯಾಕೆ ತೊಡುತ್ತೀರಿ ಎಂಬ ಕಥೆಯನ್ನು ಆ ಹೊತ್ತಿನಲ್ಲಿ ಹೇಳಲೇಬೇಕೆಂದಿಲ್ಲ. ಆದರೆ ತೊಟ್ಟದ್ದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ವೈದ್ಯರು ಬೇರೆಲ್ಲೋ ಕಾರಣ ಹುಡುಕುತ್ತಾರೆ.

ಬೆವರಿಗೆ ಅಂಟಿಕೊಂಡು ಬೈಂಡರ್ ಮೇಲೆ ಬಾರದೆ, ಅರ್ಧ ತಲೆಯ ಮೇಲೆ ಸಿಕ್ಕಿಕೊಳ್ಳುವುದೂ ಉಂಟು. ಕೈಗಳನ್ನು ಎದುರುಬದುರು ಮಾಡಿ ಕೆಳಗಿನ ಅಂಚನ್ನು ಹಿಡಿದು, ಒಳಮೈ ಹೊರಗಾಗುವಂತೆ ಮಡಚುತ್ತ ಎತ್ತಿದರೆ ಸಾಮಾನ್ಯವಾಗಿ ಬರುತ್ತದೆ. ಸೊಂಟದ ಮೇಲೆ ಇಳಿಯುವಷ್ಟು ಹಿಗ್ಗುವ ಬೈಂಡರ್ ಆದರೆ ಕೆಳಗಿನಿಂದಲೇ ಕಳಚಬಹುದು. ಯಾವುದೂ ಆಗದಿದ್ದರೆ, ಉಸಿರು ಕಟ್ಟುತ್ತಿದ್ದರೆ, ಕಂಕುಳ ಕೆಳಗೆ ಪಕ್ಕದಲ್ಲಿ ಕತ್ತರಿ ಹಾಕಿ. ಎಷ್ಟೇ ದುಡ್ಡು ಕೊಟ್ಟು ತರಿಸಿದ್ದರೂ ಅದು ಬಟ್ಟೆ.

ಅಳತೆ

ಹುಡುಗನಿಗೆ ಸೈಜ್ ಹೇಗೆ ಆರಿಸಿದೆ ಎಂದು ಕೇಳಿದೆ. “ಅಂಗಿಗೆ ಮೀಡಿಯಂ ಬರುತ್ತದೆ ಅಣ್ಣ. ಇನ್ನೊಂದು ಸೈಜ್ ಕಡಿಮೆ ಮಾಡಿದರೆ ಇನ್ನೂ ಚಪ್ಪಟೆಯಾಗುತ್ತದೆ ಎಂದು ಸ್ಮಾಲ್ ತರಿಸಿದೆ.” ಇಷ್ಟು ಸಲ ಕೇಳಿದ ತಪ್ಪು ಇನ್ನೊಂದಿಲ್ಲ. ಚಿಕ್ಕ ಬೈಂಡರ್ ಹೆಚ್ಚು ಚಪ್ಪಟೆ ಮಾಡುವುದಿಲ್ಲ. ಅದುಮಿದ್ದು ಎಲ್ಲಿಯಾದರೂ ಹೋಗಲೇಬೇಕಲ್ಲ. ಕಂಕುಳಿನಿಂದ, ಕೊರಳಿನ ಕಡೆಯಿಂದ ಉಬ್ಬಿ ಬರುತ್ತದೆ, ಪಕ್ಕೆ ನಲುಗುತ್ತದೆ.

ಬೇಕಾದ ಅಳತೆ ಮೂರು. ಎದೆ ಅತಿ ಹೆಚ್ಚು ತುಂಬಿದ ಕಡೆಯ ಸುತ್ತಳತೆ ಒಂದು. ಅದರ ಕೆಳಗೆ, ಪಕ್ಕೆಲುಬಿನ ಮೇಲಿನ ಸುತ್ತಳತೆ ಎರಡನೆಯದು. ತೋಳು ಮುಂಡಕ್ಕೆ ಸೇರುವ ಮಡಿಕೆಯಿಂದ ಆಚೆಯ ಮಡಿಕೆಯವರೆಗೆ ಮುಂದಿನಿಂದ ಅಳೆದ ಭುಜದ ಅಗಲ ಮೂರನೆಯದು. ಜನ ಮೂರನೆಯದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಕಂಕುಳು ಕೆತ್ತಿಹೋಗುತ್ತದೆ. ಅಳೆಯುವಾಗ ದಪ್ಪ ಬಟ್ಟೆ, ಪ್ಯಾಡ್ ಇರುವ ಬ್ರಾ ಇರಬಾರದು. ಉಸಿರು ಬಿಗಿಹಿಡಿಯಬಾರದು. ಟೇಪ್ ಮೈಗೆ ತಾಗಿರಬೇಕು, ಒತ್ತಬಾರದು.

ಟೇಪಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನನ್ನ ಮೊದಲ ಬೈಂಡರ್ ತಪ್ಪಿದ್ದೇ ಅಲ್ಲಿ. ಹತ್ತಾರು ವರ್ಷ ಎಳೆದಾಡಿದ ಬಟ್ಟೆಯ ಟೇಪ್ ಹಿಗ್ಗಿರುತ್ತದೆ. ಹಿಗ್ಗಿದ ಟೇಪ್ ನಿಮ್ಮ ಎದೆಯನ್ನು ಇರುವುದಕ್ಕಿಂತ ಕಡಿಮೆ ಇಂಚು ತೋರಿಸುತ್ತದೆ. ಅಂಗಿಯಲ್ಲಿ ಅರ್ಧ ಇಂಚು ಯಾರ ಗಮನಕ್ಕೂ ಬರುವುದಿಲ್ಲ, ಬೈಂಡರ್‌ನಲ್ಲಿ ಅದು ಉಸಿರಿಗೇ ಬರುತ್ತದೆ. ಸ್ಟೀಲ್ ಸ್ಕೇಲ್ ಪಕ್ಕದಲ್ಲಿ ಟೇಪ್ ಇಟ್ಟು ಒಮ್ಮೆ ತಾಳೆ ನೋಡಿ.

ಹುಡುಗನ ಅಳತೆ ತೆಗೆದೆ. ಎದೆ 36½, ಕೆಳಗೆ 32. ಅವನು ತರಿಸಿದ ಮಾರಾಟಗಾರರದ್ದೇ ಪಟ್ಟಿಯಲ್ಲಿ ನೋಡಿದರೆ ಮೀಡಿಯಂ ಮತ್ತು ಲಾರ್ಜ್ ನಡುವೆ ಬಂದ. ಎರಡರ ನಡುವೆ ಬಂದವರು ಯಾವಾಗಲೂ ದೊಡ್ಡದನ್ನೇ ತೆಗೆದುಕೊಳ್ಳಬೇಕು. ಪ್ರತಿ ಮಾರಾಟಗಾರರ ಪಟ್ಟಿ ಬೇರೆ ಬೇರೆ. ಅಂಗಿಯ ಸೈಜಿಗೂ ಇದಕ್ಕೂ ಸಂಬಂಧವಿಲ್ಲ.

ಹೊಲಿಗೆ ಬಿಚ್ಚಿ ಸಡಿಲ ಮಾಡಲು ನಾನು ಒಪ್ಪಲಿಲ್ಲ. ಬೈಂಡರ್‌ನ ಮುಂಭಾಗದಲ್ಲಿ ಹಿಗ್ಗದ ಬಟ್ಟೆ, ಬೆನ್ನಿನಲ್ಲಿ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ಸೇರಿದ ಹಿಗ್ಗುವ ಬಟ್ಟೆ ಇರುತ್ತದೆ. ಉಸಿರೆಳೆದಾಗ ಪಕ್ಕೆಲುಬು ಹಿಗ್ಗಲು ಜಾಗ ಕೊಡುವುದು ಆ ಬೆನ್ನಿನ ಬಟ್ಟೆ. ನಡುವೆ ಬೇರೆ ಪಟ್ಟಿ ಸೇರಿಸಿದರೆ ಒತ್ತಡ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೀಳುತ್ತದೆ. ನಾನೂ ಒಮ್ಮೆ ಗಟ್ಟಿ ಪಾಪ್ಲಿನ್ ಬಟ್ಟೆಯಲ್ಲಿ ಹೊಲಿದು ನೋಡಿದ್ದೆ. ತೊಟ್ಟು ಅಂಗಡಿಯ ಮೆಟ್ಟಿಲು ಹತ್ತಲಾಗಲಿಲ್ಲ.

ಹೊಸ ಬೈಂಡರ್ ಬಂದಾಗ ಬೆಲೆಚೀಟಿ ಕೀಳುವ ಮೊದಲು ಮನೆಯಲ್ಲಿ ಪರೀಕ್ಷಿಸಿ. ಕಂಕುಳ ಅಂಚಿನಲ್ಲಿ ಎರಡು ಬೆರಳು ಆಡಬೇಕು. ಎರಡೂ ಕೈ ಮೇಲೆತ್ತಿದರೆ ಕುತ್ತಿಗೆ ಕಚ್ಚಬಾರದು. ನೆಲದ ಮೇಲೆ ಚಕ್ಕಳಮಕ್ಕಳ ಕೂತು ತಾಟಿನ ಕಡೆಗೆ ಬಾಗಿದಾಗ ಹೊಟ್ಟೆಗೆ ಅಂಚು ಇರಿಯಬಾರದು. ಆಮೇಲೆ ದಿನಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ. ವಾಕ್ಯದ ನಡುವೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ ಅದನ್ನು ವಾಪಸ್ ಕಳಿಸಿ.

ಬೈಂಡರ್ ಅಲ್ಲದ್ದನ್ನು ಬೈಂಡರ್ ಮಾಡಿಕೊಂಡಾಗ

ನನ್ನ ಶುರುವಾತು ಕ್ರೇಪ್ ಬ್ಯಾಂಡೇಜಿನಿಂದ. ಔಷಧಿ ಅಂಗಡಿಯಲ್ಲಿ ಏನನ್ನೂ ವಿವರಿಸದೆ ಕೊಳ್ಳಬಹುದಾಗಿದ್ದದ್ದು ಅದೊಂದೇ. ಉಳುಕಿದ ಕಾಲಿಗೆಂದು ಮಾಡಿದ ಪಟ್ಟಿ ಅದು. ಎದೆಗೆ ಸುತ್ತಿದರೆ ಸುತ್ತು ಸುತ್ತಿಗೂ ಬಿಗಿ ಕೂಡುತ್ತ ಹೋಗುತ್ತದೆ, ಮೈ ಅಲುಗಾಡಿದಂತೆ ಜಾರಿ ಹಗ್ಗದ ಹಾಗೆ ಒಂದೇ ಕಡೆ ಕೂಡಿಕೊಳ್ಳುತ್ತದೆ, ಪಕ್ಕೆಲುಬಿಗೆ ಹಿಗ್ಗಲು ಎಲ್ಲಿಯೂ ಎಡೆ ಬಿಡುವುದಿಲ್ಲ. ನನಗೆ ಆಗ ಇದೊಂದೂ ತಿಳಿದಿರಲಿಲ್ಲ. ಮೇ ತಿಂಗಳ ಒಂದು ದಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಕಣ್ಣಿಗೆ ಕತ್ತಲು ಕವಿದು ಮೇಜಿನ ಕಾಲಿಗೆ ಒರಗಿ ಕುಸಿದೆ. ಮಾಲೀಕರ ತಾಯಿ ಒಳಕೋಣೆಗೆ ಕರೆದೊಯ್ದರು, ಬಾಗಿಲು ಹಾಕಿದರು. ಅಂಗಿಯ ಗುಂಡಿ ಬಿಚ್ಚಿ ನೋಡಿ ಒಂದು ಕ್ಷಣ ಸುಮ್ಮನಾದರು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ಅದರ ತಣ್ಣನೆಯ ಅಲಗನ್ನು ನನ್ನ ಚರ್ಮಕ್ಕೆ ತಾಗದ ಹಾಗೆ ತಮ್ಮ ಬೆರಳು ಅಡ್ಡ ಇಟ್ಟು, ಎಂಟು ಸುತ್ತನ್ನೂ ಒಂದೊಂದಾಗಿ ಕತ್ತರಿಸಿದರು. “ಯಾರಿಗೆ ಹೆದರಿ ಇಷ್ಟು ಸುತ್ತಿಕೊಂಡೆಯಪ್ಪಾ?” ಎಂದು ಕೇಳಿದರು. ಅಂದಿನಿಂದ ಇಂದಿನವರೆಗೂ ಅವರು ನನ್ನನ್ನು ಕರೆಯುವುದು ‘ಅಪ್ಪಾ’ ಎಂದೇ.

ಕ್ರೇಪ್ ಬ್ಯಾಂಡೇಜ್ ಬೇಡ. ಪ್ಯಾಕಿಂಗ್ ಟೇಪ್, ಹೊಟ್ಟೆ ಕರಗಿಸುವ ಬೆಲ್ಟ್, ಸೀರೆಯ ತುಂಡು ಬೇಡ. ಒಂದರ ಮೇಲೊಂದು ಎರಡು ಬೈಂಡರ್ ಬೇಡ. ದುಡ್ಡು ಕೂಡುವವರೆಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಮೇಲೆ ಬನಿಯನ್, ಅದರ ಮೇಲೆ ಗಾಢ ಬಣ್ಣದ ಸಡಿಲ ಅಂಗಿ ಸಾಕಷ್ಟು ಕೆಲಸ ಮಾಡುತ್ತವೆ. ಎರಡು ಜೇಬಿನ, ಚೌಕಳಿ ಬಟ್ಟೆಯ ಅಂಗಿ ಎದೆಯ ಆಕಾರವನ್ನು ಬಹುಪಾಲು ಮರೆಸುತ್ತದೆ. ಮೈಗೆ ಅಂಟುವ ಟೀ ಶರ್ಟ್ ಮಾತ್ರ ಎಂಥ ಬೈಂಡರ್ ತೊಟ್ಟರೂ ಗುಟ್ಟು ಬಿಟ್ಟುಕೊಡುತ್ತದೆ.

ಅಳತೆ ಸರಿಯಿದ್ದೂ ನೋವು

ಇಲ್ಲಿ ತಾಸು ಲೆಕ್ಕ ಹಾಕಬೇಕು. ಹೊಸಬರು ಮೊದಲ ವಾರ ಮನೆಯಲ್ಲಿ ದಿನ ಬಿಟ್ಟು ದಿನ ಒಂದೆರಡು ತಾಸು ಮಾತ್ರ ತೊಡಲಿ. ತೊಂದರೆ ಇಲ್ಲವೆಂದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ. ಎಂಟು ತಾಸು ಎಂಬುದು ಎಲ್ಲೆಡೆ ಹೇಳುವ ಗರಿಷ್ಠ ಮಿತಿ. ದಿನವೂ ಮುಟ್ಟಲೇಬೇಕಾದ ಗುರಿ ಎಂದು ಅದನ್ನು ತಿಳಿಯಬೇಡಿ. ರಾತ್ರಿ ಮಲಗುವಾಗ ಎಂದಿಗೂ ಬೇಡ.

2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಎದೆ ಬಿಗಿಯುವ ಸುಮಾರು 1,800 ಜನರನ್ನು ಕೇಳಿದ್ದರು. ಶೇಕಡ 97ರಷ್ಟು ಜನ ಒಂದಲ್ಲ ಒಂದು ತೊಂದರೆ ಹೇಳಿಕೊಂಡಿದ್ದರು: ಬೆನ್ನುನೋವು, ಸೆಖೆ, ಎದೆನೋವು, ಉಸಿರಿನ ತೊಂದರೆ. ವಾರದಲ್ಲಿ ಎಷ್ಟು ದಿನ ತೊಡುತ್ತಾರೆ ಎಂಬುದಕ್ಕೂ ಈ ತೊಂದರೆಗಳಿಗೂ ಎಲ್ಲಕ್ಕಿಂತ ನಿಕಟವಾದ ನಂಟು ಕಂಡಿತ್ತು. ಅದಕ್ಕೇ ನಾನು ತಾಸಿಗಿಂತ ಮೊದಲು ದಿನ ಎಣಿಸುತ್ತೇನೆ. ಭಾನುವಾರ ನನ್ನ ಬೈಂಡರ್ ಹಗ್ಗದ ಮೇಲೆಯೇ ಇರುತ್ತದೆ. ಇನ್ನೊಂದು ದಿನ ಬಿಡುವು ಸಿಕ್ಕರೆ ಅದೂ ಲಾಭ.

ನೋವು ಎಲ್ಲಿದೆ ಎಂಬುದೂ ಕಾರಣ ಹೇಳುತ್ತದೆ. ಭುಜ ಮತ್ತು ಬೆನ್ನಿನ ಮೇಲ್ಭಾಗ ಹಿಡಿದಂತಾದರೆ ಬಹುಶಃ ಗೂನು ಬೆನ್ನಿನಿಂದ. ಬೈಂಡರ್ ಇಲ್ಲದ ದಿನಗಳಲ್ಲಿ ಎದೆ ಮರೆಸಲು ಮುಂದಕ್ಕೆ ಬಾಗಿ ನಡೆದ ಅಭ್ಯಾಸ ಬೈಂಡರ್ ಬಂದ ಮೇಲೂ ಬಿಟ್ಟಿರುವುದಿಲ್ಲ. ಬಾಗಿಲ ಚೌಕಟ್ಟಿನ ಎರಡೂ ಕಡೆ ಕೈ ಊರಿ ಎದೆಯನ್ನು ಮುಂದೆ ಚಾಚುವುದನ್ನು ದಿನಕ್ಕೆ ಎರಡು ಸಲ ಮಾಡಿ. ಬೆರಳ ತುದಿಯಿಂದ ಒತ್ತಿದಾಗ ಪಕ್ಕೆಯ ಒಂದೇ ಜಾಗದಲ್ಲಿ, ಅಥವಾ ಎದೆಮೂಳೆಯ ಪಕ್ಕದಲ್ಲಿ ಚುಚ್ಚಿದರೆ ಮಾತ್ರ ಅದು ಪಕ್ಕೆಲುಬಿನ ಅಥವಾ ಅದರ ಮೃದ್ವಸ್ಥಿಯ ಪೆಟ್ಟು ಆಗಿರಬಹುದು. ವೈದ್ಯರಿಗೆ ತೋರಿಸಿ, ಅವರು ಹೇಳುವವರೆಗೆ ಬೈಂಡರ್ ಪೆಟ್ಟಿಗೆಯಲ್ಲಿರಲಿ. ಪಕ್ಕೆಲುಬು ಬಿರುಕು ಬಿಟ್ಟರೆ ಕೂಡಿಕೊಳ್ಳಲು ಆರು ವಾರ ಬೇಕು, ಅದರ ಮೇಲೆ ಬಿಗಿದರೆ ಇನ್ನೂ ಹೆಚ್ಚು. ಆಸ್ತಮಾ ಇರುವವರು, ಬೆನ್ನುಮೂಳೆ ಡೊಂಕು ಇರುವವರು ತೊಡುವ ಮೊದಲೇ ವೈದ್ಯರನ್ನು ಕೇಳಬೇಕು. ಕೆಮ್ಮು, ಜ್ವರ ಇದ್ದಾಗ ಯಾರೂ ತೊಡಬಾರದು.

ತಿಂಗಳಲ್ಲಿ ಐದಾರು ದಿನ ಮಾತ್ರ ಬಿಗಿ ಎನಿಸಿ ಉಳಿದ ದಿನ ಸರಿಯಿದೆಯೇ? ಮುಟ್ಟಿನ ಮುಂಚಿನ ದಿನಗಳಲ್ಲಿ ಎದೆ ಬಾತುಕೊಳ್ಳುತ್ತದೆ. ಆ ದಿನಗಳಿಗೆ ಸ್ಪೋರ್ಟ್ಸ್ ಬ್ರಾ ಇರಲಿ. ಮುಟ್ಟಿನ ಮಾತು ಎತ್ತುವುದೇ ನಮ್ಮಲ್ಲಿ ಹಲವರಿಗೆ ಸಂಕಟ, ನನಗೂ ಹೌದು. ಆದರೂ ಕ್ಯಾಲೆಂಡರ್ ಮೇಲೆ ಒಂದು ಚುಕ್ಕೆ ಇಟ್ಟುಕೊಂಡರೆ ಆ ವಾರದ ನೋವಿಗೆ ಕಾರಣ ಹುಡುಕಿ ಒದ್ದಾಡುವುದು ತಪ್ಪುತ್ತದೆ.

ಬಿಸಿಲು

ಬೈಂಡರ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ದೇಶದವರು ಬರೆದವು. ಅವರ ಎಂಟು ತಾಸು ಕಲಬುರಗಿಯ ಎಂಟು ತಾಸು ಅಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯೇನಲ್ಲ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬೈಂಡರ್‌ಗೂ ನಾನು ಅದೇ ವೇಳೆ ಗೊತ್ತುಮಾಡಿದ್ದೇನೆ. ಮಧ್ಯಾಹ್ನ ತೆಗೆದರೆ ಆ ದಿನದ ಮಟ್ಟಿಗೆ ಮುಗಿಯಿತು.

ಬೇಸಿಗೆಯಲ್ಲಿ ಮಾತ್ರ ತಲೆಸುತ್ತು ಬರುವವರನ್ನು ನಾನು ಮೊದಲು ಕೇಳುವುದು, ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿರಿ ಎಂದು. ಉತ್ತರ ಹೆಚ್ಚಾಗಿ ಒಂದೇ: ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಗಂಡಸರದಕ್ಕೆ ಹೋಗಲು ಭಯ, ಹೆಂಗಸರದಕ್ಕೆ ಹೋಗಲು ಆಗುವುದಿಲ್ಲ, ಅದಕ್ಕೆ ಕುಡಿಯುವುದಿಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬಾಯಾರಿದ ಮೈ, ಬೆವರು ಆರಲು ಬಿಡದ ಬಟ್ಟೆ, ಮೇಲೆ ಬಿಸಿಲು, ಮೂರೂ ಸೇರಿದರೆ ಗಟ್ಟಿಮುಟ್ಟಾದವರೂ ಬೀಳುತ್ತಾರೆ. ನೀರು ಕುಡಿಯಿರಿ, ಮಜ್ಜಿಗೆ ಕುಡಿಯಿರಿ. ಹೋಗಿ ಬರುವ ದಾರಿಯಲ್ಲಿ ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಎಲ್ಲೆಲ್ಲಿದೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ, ಗೆಳೆಯರಿಗೂ ತಿಳಿಸಿ. ಬಿಸಿಲಿನಲ್ಲಿ ಮಾತು ತೊದಲಿದರೆ, ಮಂಕು ಕವಿದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ಬೈಂಡರ್ ಕತ್ತರಿಸಿ ತೆಗೆದು, ಮೈ ಮೇಲೆ ನೀರು ಹಾಕುತ್ತ ಆಸ್ಪತ್ರೆಗೆ ಒಯ್ಯಬೇಕು.

ಮೈ ಬಗ್ಗಿಸುವ ಕೆಲಸಕ್ಕೆ ಬೈಂಡರ್ ಬೇಡವೇ ಬೇಡ. ಹೊಲದಲ್ಲಿ ತೊಗರಿ ಕೊಯ್ಯುವಾಗ, ಮೂಟೆ ಹೊರುವಾಗ, ವ್ಯಾಯಾಮ ಮಾಡುವಾಗ ಉಸಿರಿಗೆ ಪೂರ್ತಿ ಜಾಗ ಬೇಕು. ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರರ ಜಾತ್ರೆಯ ನೂಕುನುಗ್ಗಲಿಗೂ ಬೇಡ. ಅಲ್ಲಿ ಜನರೇ ನಾಲ್ಕೂ ಕಡೆಯಿಂದ ಒತ್ತುತ್ತಾರೆ, ತೆಗೆಯಲು ಮರೆ ಸಿಗುವುದಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಹತ್ತುವ ಮೊದಲೇ ಬಿಚ್ಚಿ ಚೀಲಕ್ಕೆ ಹಾಕಿ. ನಾನು ಒಂದು ಹೊದಿಕೆ ಹೊದ್ದು ಮಲಗಿಬಿಡುತ್ತೇನೆ, ಕತ್ತಲಲ್ಲಿ ಯಾರೂ ನೋಡುವುದಿಲ್ಲ.

ತುರಿಕೆ, ಕೆಂಪು, ವಾಸನೆ

ಮುಳ್ಳು ಚುಚ್ಚಿದಂತೆ ಸಣ್ಣ ಗುಳ್ಳೆಗಳೆದ್ದರೆ ಅದು ಬೆವರುಸಾಲೆ. ಎರಡು ಮೂರು ದಿನ ಗಾಳಿಯಾಡಲು ಬಿಟ್ಟರೆ, ತಣ್ಣೀರಿನಲ್ಲಿ ಮಿಂದು ಒರೆಸಿಕೊಂಡರೆ ಇಳಿಯುತ್ತದೆ. ಉಂಗುರದ ಹಾಗೆ ಅಂಚು ಕೆಂಪಾಗಿ ಹರಡುತ್ತ ಹೋದರೆ, ಅಥವಾ ಎದೆಯ ಕೆಳಗಿನ ಮಡಿಕೆಯಲ್ಲಿ ಒದ್ದೆಯಾಗಿ ಕೆಂಪಾಗಿ ಉರಿದರೆ ಅದು ಶಿಲೀಂಧ್ರದ ಸೋಂಕು ಆಗಿರಬಹುದು. ಆಗ ದಯವಿಟ್ಟು ಔಷಧಿ ಅಂಗಡಿಯವರು ಕೊಟ್ಟ ಯಾವುದೋ ಮುಲಾಮು ಹಚ್ಚಬೇಡಿ. ಅವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆತಿರುತ್ತವೆ. ನಾಲ್ಕು ದಿನ ತುರಿಕೆ ನಿಂತಂತೆ ಕಂಡು ಆಮೇಲೆ ಹುಳುಕಡ್ಡಿ ದುಪ್ಪಟ್ಟು ಹರಡುತ್ತದೆ. ಚರ್ಮರೋಗ ವೈದ್ಯರಿಗೆ ತೋರಿಸಿ. ಗುಣವಾಗುವವರೆಗೆ ಬೈಂಡರ್ ನಿಲ್ಲಿಸಿ.

ಕಂಕುಳ ಕೆಳಗೆ ಮಾತ್ರ ಕೆತ್ತಿದ್ದರೆ ಬೈಂಡರ್ ಒಳಮೈ ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿ. ಗಂಟು ಕೈಗೆ ಸಿಗುತ್ತದೆ. ಒಳಗೆ ತೆಳುವಾದ ಹತ್ತಿಯ ಬನಿಯನ್ ಹಾಕಿಕೊಂಡರೆ ಬೆವರನ್ನೂ ಹೀರುತ್ತದೆ, ಗಂಟೂ ತಾಗುವುದಿಲ್ಲ. ಪೌಡರ್ ಬಳಿದುಕೊಳ್ಳಬೇಡಿ, ಬೆವರಿನೊಡನೆ ಕಲಸಿ ಹಿಟ್ಟಾಗುತ್ತದೆ.

ಚರ್ಮ ನೋಡಿಕೊಳ್ಳುವಾಗಲೇ ಎದೆಯಲ್ಲಿ ಗಂಟು ಇದೆಯೇ ಎಂದು ತಿಂಗಳಿಗೊಮ್ಮೆ ಕೈಯಾಡಿಸಿ. ಕನ್ನಡಿಯಲ್ಲಿ ನೋಡಲು ಮನಸ್ಸಿಲ್ಲದಿದ್ದರೆ ಕಣ್ಣು ಮುಚ್ಚಿಕೊಂಡೇ ನೋಡಿ. ಹೊಸ ಗಂಟು, ತೊಟ್ಟಿನಿಂದ ಸ್ರಾವ ಕಂಡರೆ ಮುಂದೂಡಬೇಡಿ.

ಆಕಾರ ಸರಿ ಬರುತ್ತಿಲ್ಲ, ಬೈಂಡರ್ ಸಡಿಲವಾಗಿದೆ

ತೊಟ್ಟ ಮೇಲೆ ನಡುವೆ ಒಂದೇ ದಿಬ್ಬ ಕಂಡರೆ ಕೈ ಒಳಗೆ ಹಾಕಿ ಎರಡೂ ಕಡೆಯದನ್ನು ಕೆಳಗೆ ಮತ್ತು ಪಕ್ಕಕ್ಕೆ ಸರಿಸಿ. ಮೇಲಕ್ಕೆ ತಳ್ಳಿದರೆ ಕೊರಳ ಹತ್ತಿರ ಉಬ್ಬುತ್ತದೆ. ಪೂರ್ತಿ ಹಲಗೆಯ ಹಾಗೆ ಆಗಬೇಕೆಂದು ಹಟ ಹಿಡಿಯಬೇಡಿ. ದಿನಕ್ಕೆ ಹತ್ತು ಗಂಡಸರ ಎದೆಯಳತೆ ತೆಗೆಯುವವನು ನಾನು. ಹಲಗೆಯಂಥ ಎದೆಯವರು ಕಡಿಮೆ.

ಒಂದೆರಡು ತಿಂಗಳಿಗೇ ಸಡಿಲವಾದರೆ ಒಗೆಯುವುದರಲ್ಲಿ ತಪ್ಪಿದೆ. ತಣ್ಣೀರಿನಲ್ಲಿ ಕೈಯಿಂದ ಮೆಲ್ಲಗೆ ಹಿಚುಕಬೇಕು. ಬಂಡೆಗೆ ಬಡಿಯಬಾರದು, ಹಿಂಡಿ ತಿರುಚಬಾರದು, ಬ್ಲೀಚ್ ಹಾಕಬಾರದು, ಇಸ್ತ್ರಿ ಮುಟ್ಟಿಸಬಾರದು. ಮಾಳಿಗೆಯ ಮೇಲೆ ಕಾದ ಶಹಾಬಾದ್ ಕಲ್ಲಿನ ಮೇಲೆ ಹರಡಿದರೆ ಎಲಾಸ್ಟಿಕ್ ಸತ್ತುಹೋಗುತ್ತದೆ. ನಮ್ಮ ಒಣಹವೆಗೆ ನೆರಳಿನ ಹಗ್ಗವೇ ಸಾಕು. ಮನೆಯವರ ಕಣ್ಣಿಗೆ ಬೀಳಬಾರದು ಎಂದರೆ ಮೇಲೊಂದು ಟವೆಲ್ ಹಾಕಿ. ಒದ್ದೆಯನ್ನು ಮಾತ್ರ ಕಪಾಟಿನಲ್ಲಿ ಬಚ್ಚಿಡಬೇಡಿ. ಸಾಧ್ಯವಾದರೆ ಎರಡು ಬೈಂಡರ್ ಇಟ್ಟುಕೊಂಡು ಒಂದೊಂದು ದಿನ ಒಂದೊಂದು ತೊಡಿ.

ಆಳಂದದ ಹುಡುಗ ಎರಡು ವಾರ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡು, ಗೆರೆ ಮಾಸಿದ ಮೇಲೆ ಲಾರ್ಜ್ ತರಿಸಿದ. ಅಂಗಡಿಯಲ್ಲೇ ತೊಟ್ಟು, ಸ್ಟೂಲಿನ ಮೇಲೆ ಕೂತು, ಆ ದಿನದ ಪತ್ರಿಕೆಯಲ್ಲಿ ತೊಗರಿ ಬೆಲೆಯ ಸುದ್ದಿಯನ್ನು ಕೊನೆಯವರೆಗೆ ನಿಲ್ಲದೆ ಓದಿದ. ಹೆಚ್ಚು ತೊಡದೆ ಉಳಿದಿದ್ದ ಸ್ಮಾಲ್ ಬೈಂಡರ್ ಅನ್ನು ಒಗೆದು ನನ್ನ ಬಳಿ ಬಿಟ್ಟುಹೋದ. ಯಾದಗಿರಿಯಿಂದ ಒಬ್ಬರು ಕೇಳಿದ್ದಾರೆ. ಮೊದಲು ಅವರ ಮೂರೂ ಅಳತೆ ಕಳಿಸಲು ಹೇಳಿದ್ದೇನೆ, ಟೇಪನ್ನು ಸ್ಕೇಲಿಗೆ ತಾಳೆ ನೋಡಿದ ಮೇಲೆ.